ಫೋನಿನ ಹೊಟ್ಟೆ ತುಂಬಿತೇ? ಅಳಿಸುವ ಮೊದಲು ಕೇರಿಕೊಳ್ಳಿ

ರಾಗಿ ತೆನೆ ಬಿಡುವ ಹೊತ್ತು. ಹೊಲದ ನಡುವೆ ನಿಂತು ಬೆಳೆ ಸಮೀಕ್ಷೆಯ ಆ್ಯಪ್ ತೆರೆದು, ಸರ್ವೆ ನಂಬರ್ ಒತ್ತಿ, ಇನ್ನೇನು ಫೋಟೋ ತೆಗೆಯಬೇಕು ಅನ್ನುವಾಗ ಫೋನು ಹೇಳುತ್ತದೆ - ‘ಸ್ಟೋರೇಜ್ ಫುಲ್’.

ಆಗ ಹೆಚ್ಚಿನವರು ಮಾಡುವುದೇನು? ಬದುವಿನ ಮೇಲೆ ಕೂತು, ಬಿಸಿಲಿಗೆ ಸ್ಕ್ರೀನ್ ಮರೆ ಮಾಡಿಕೊಂಡು, ಕಣ್ಣಿಗೆ ಬಿದ್ದ ಹತ್ತಿಪ್ಪತ್ತು ಫೋಟೋ ಅಳಿಸುತ್ತಾರೆ. ಆ ಹೊತ್ತಿನ ಕೆಲಸಕ್ಕೆ ಜಾಗ ಸಿಗುತ್ತದೆ. ಮುಂದಿನ ವಾರ ಮತ್ತೆ ಅದೇ ಕಥೆ. ಕಳೆಯ ಬೇರು ಕೀಳದೆ ತುದಿ ಚಿವುಟಿದರೆ ಆಗುವುದೂ ಇದೇ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆತುರದಲ್ಲಿ ಅಳಿಸಿದ್ದರಲ್ಲಿ ಬೇಡದ್ದರ ಜೊತೆಗೆ ಬೇಕಾದ್ದೂ ಹೋಗಿರುತ್ತದೆ.

ಫೋಟೋ ಈಗ ದಾಖಲೆ

ಹಿಂದೆ ಫೋಟೋ ಅಂದರೆ ಮದುವೆ, ನಾಮಕರಣ. ಈಗ ಹಾಗಿಲ್ಲ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರು ತಾವೇ ತಮ್ಮ ಫೋನಿನಲ್ಲಿ ಬೆಳೆ ಸಮೀಕ್ಷೆ ಮಾಡಲು ಅವಕಾಶ ಆಯಿತು. ನಾವು ಮಾಡದೆ ಬಿಟ್ಟರೆ ಊರಿಗೆ ಗೊತ್ತು ಮಾಡಿರುವ ಖಾಸಗಿ ನಿವಾಸಿ ಬಂದು ಮಾಡುತ್ತಾರೆ. ಪಹಣಿಯ ಬೆಳೆ ಕಾಲಂ, ಬೆಂಬಲ ಬೆಲೆಗೆ ರಾಗಿ ಮಾರಾಟ, ಬೆಳೆ ವಿಮೆ, ಬರ-ನೆರೆಯ ಪರಿಹಾರ ಎಲ್ಲಕ್ಕೂ ಈ ಸಮೀಕ್ಷೆಯ ಮಾಹಿತಿಯೇ ಆಧಾರ. ರಾಗಿ ಹಾಕಿದ ಹೊಲಕ್ಕೆ ‘ಬೀಳು’ ಅಂತ ದಾಖಲಾದರೆ ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು. ಆದರೆ ಆಕ್ಷೇಪಣೆ ಹಾಕುವವನ ಕೈಯಲ್ಲಿ ತನ್ನ ಹೊಲದ ಫೋಟೋ ಇದ್ದರೆ ಮಾತಿಗೆ ತೂಕ.

ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ, ಹೊಲ ಮುಳುಗುವುದು ಮುಂತಾದ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಯೊಳಗೆ ತಿಳಿಸಬೇಕು. ಕಾಡುಪ್ರಾಣಿ ದಾಳಿಯ ನಷ್ಟವನ್ನೂ 2026ರ ಮುಂಗಾರಿನಿಂದ ಈ ವಿಮೆಯಡಿ ತರುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ಗೊತ್ತುಪಡಿಸುವ ಕೆಲಸ ರಾಜ್ಯ ಸರ್ಕಾರದ್ದು. ಇಲ್ಲೂ ಗಡುವು ಅದೇ 72 ಗಂಟೆ. ಜಾಗದ ಗುರುತು ಸಮೇತ ಇರುವ ಫೋಟೋವನ್ನು ಆ್ಯಪ್ ಮೂಲಕ ಕಳಿಸಬೇಕು. ಆನೆ, ಹಂದಿ ಕಾಟ ಇರುವ ಕಡೆಯವರಿಗೆ ಇದು ಸಣ್ಣ ಮಾತಲ್ಲ. ಬೆಳಿಗ್ಗೆ ಎದ್ದು ತುಳಿದ ಹೊಲ ನೋಡುವ ಹೊತ್ತಿಗೆ ಫೋನು ತುಂಬಿರಬಾರದು.

ನಮ್ಮೂರಲ್ಲಿ ಆದದ್ದನ್ನೇ ಹೇಳುತ್ತೇನೆ. ಪಕ್ಕದ ಹೊಲದವರ ಕೊಯ್ಲಿಗೆ ಬಂದ ರಾಗಿಯನ್ನು ಆನೆ ತುಳಿದವು. ಅವರು ಬೆಳಿಗ್ಗೆಯೇ ಹತ್ತು ಹದಿನಾಲ್ಕು ಫೋಟೋ ತೆಗೆದಿಟ್ಟಿದ್ದರು. ಎರಡು ದಿನಕ್ಕೆ ಫೋನು ತುಂಬಿತು. ರಜಕ್ಕೆ ಬಂದಿದ್ದ ಹುಡುಗನೊಬ್ಬ ‘ಜಾಗ ಮಾಡ್ಕೊಡ್ತೀನಿ ತಾತ’ ಅಂತ ಇಸ್ಕೊಂಡು ಗ್ಯಾಲರಿಯನ್ನೇ ಗುಡಿಸಿಬಿಟ್ಟ. ಗ್ಯಾಲರಿಯ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದ. ಅರ್ಜಿ ಬರೆಯಲು ಕೂತಾಗ ತೋರಿಸಲು ಒಂದೂ ಇಲ್ಲ. ತುಳಿದ ಪೈರನ್ನು ಅಷ್ಟರಲ್ಲಿ ದನಕ್ಕೆ ಕೊಯ್ದು ಹಾಕಿಯೂ ಆಗಿತ್ತು.

ರಾಜಾಜಿನಗರದ ಮನೆಯ ಪಾಠ

ಮಾಗಡಿ ಕಡೆಯ ಎಷ್ಟೋ ಮನೆಗಳಂತೆ ನಮ್ಮದೂ ಎರಡು ಕಡೆ ಹಂಚಿದ ಸಂಸಾರ. ಜಮೀನು ಊರಲ್ಲಿ. ಅಣ್ಣ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ದುಡಿದು ಅಲ್ಲೇ ನೆಲೆ ನಿಂತವರು. ಪಹಣಿಯಲ್ಲಿ ಇಬ್ಬರ ಹೆಸರೂ ಇದೆ. ಕೊತ್ತಂಬರಿ, ಅವರೆಕಾಯಿ ಮಾರಲು ಬಂದ ನೆಂಟರು, ಇ.ಎಸ್.ಐ. ಆಸ್ಪತ್ರೆಗೆ ಬಂದವರು ಆ ಮನೆಗೆ ಒಂದು ಹೆಜ್ಜೆ ಹೋಗದೆ ಊರಿಗೆ ವಾಪಸಾಗುವುದಿಲ್ಲ. ಮಾದಾವರದವರೆಗೆ ಮೆಟ್ರೋ ಆದ ಮೇಲೆ (2024ರ ನವೆಂಬರ್) ನೆಲಮಂಗಲ ಕಡೆಯವರಿಗಂತೂ ರಾಜಾಜಿನಗರ ಒಂದೇ ರೈಲಿನ ದಾರಿ.

ಬಂದವರೆಲ್ಲ ಕಾಫಿ ಲೋಟದ ಜೊತೆಗೇ ಫೋನನ್ನೂ ಅಣ್ಣನ ಮಗಳ ಮುಂದೆ ಇಡುತ್ತಾರೆ. ‘ನೋಡವ್ವ, ಯಾಕೋ ಫುಲ್ ಆಗೈತೆ ಅಂತದೆ.’ ಆಕೆ ಕಂಪ್ಯೂಟರ್ ಓದಿದವಳೇನಲ್ಲ. ಹತ್ತಾರು ಫೋನು ನೋಡಿ ನೋಡಿ ಕೈ ಪಳಗಿದೆ. ನನಗೆ ಅವಳು ಮೊದಲು ಹೇಳಿದ ಮಾತು ಇದು: ‘ಚಿಕ್ಕಪ್ಪ, ನೀವು ತೆಗೆದ ಫೋಟೋಗೆ ಕೈ ಹಾಕ್ಬೇಡಿ. ಬೇರೆಯವರು ಕಳಿಸಿದ್ದು ಮೊದಲು ಹೋಗ್ಲಿ.’

ಅವಳ ವಿಧಾನ ಸರಳ. ಮೊರದಲ್ಲಿ ಕೇರಿದ ಹಾಗೆ ಮೂರು ಪಾಲು. ಹೊಟ್ಟು, ಊಟದ ಕಾಳು, ಬಿತ್ತನೆ ಬೀಜ. ಹೊಟ್ಟನ್ನು ತೂರಬೇಕು. ಊಟದ ಕಾಳನ್ನು ಆ ಹಂಗಾಮು ಮುಗಿಯುವವರೆಗೆ ಇಟ್ಟುಕೊಳ್ಳಬೇಕು. ಬಿತ್ತನೆ ಬೀಜವನ್ನು ಎರಡು ಕಡೆ ಜೋಪಾನ ಮಾಡಬೇಕು.

ಜಾಗ ತಿನ್ನುವುದು ಯಾವುದು?

ಮೊದಲು ಲೆಕ್ಕ. ಸಾಮಾನ್ಯ ಫೋನಿನಲ್ಲಿ ತೆಗೆದ ಒಂದು ಫೋಟೋ ಸುಮಾರು 3ರಿಂದ 5 ಎಂಬಿ. 4 ಎಂಬಿ ಎಂದು ಹಿಡಿದರೆ ಒಂದು ಜಿಬಿಗೆ 250 ಫೋಟೋ. ಅದೇ ಒಂದು ನಿಮಿಷದ ವಿಡಿಯೋ ನೂರು ಎಂಬಿಯ ಆಸುಪಾಸು. ಅಂದರೆ ಟಿಲ್ಲರ್ ಉಳುವುದನ್ನು ಒಂದು ನಿಮಿಷ ವಿಡಿಯೋ ಮಾಡಿದರೆ ಸುಮಾರು 25 ಫೋಟೋಗಳ ಜಾಗ ಹೋಯಿತು.

ಇನ್ನು ವಾಟ್ಸಾಪ್. ಹಾಲಿನ ಡೈರಿಯ ಗುಂಪು, ನೆಂಟರ ಗುಂಪು, ಊರಿನ ಗುಂಪು, ದೇವಸ್ಥಾನದ ಗುಂಪು ಅಂತ ನಾಲ್ಕೈದು ಇಲ್ಲದ ಫೋನಿಲ್ಲ. ದಿನಕ್ಕೆ 40 ‘ಶುಭೋದಯ’ದ ಚಿತ್ರ, ಒಂದೊಂದು 150 ಕೆಬಿ ಎಂದುಕೊಳ್ಳಿ. ದಿನಕ್ಕೆ 6 ಎಂಬಿ, ವರ್ಷಕ್ಕೆ 2 ಜಿಬಿ ದಾಟಿತು. 10 ಎಂಬಿಯ ಮೂರು ವಿಡಿಯೋ ದಿನಾ ಬಂದರೆ ವರ್ಷಕ್ಕೆ ಸುಮಾರು 11 ಜಿಬಿ. 32 ಜಿಬಿಯ ಫೋನಿನಲ್ಲಿ ಕಂಪನಿಯ ಸಾಫ್ಟ್‌ವೇರೇ ಒಂದು ದೊಡ್ಡ ಪಾಲು ತಿಂದಿರುತ್ತದೆ. ಉಳಿದದ್ದಕ್ಕೆ ಈ ವಿಡಿಯೋಗಳೇ ಸಾಕು.

ಇದು ನಮ್ಮೊಬ್ಬರ ಪಾಡಲ್ಲ. ಭಾರತದಲ್ಲಿ ಸ್ಮಾರ್ಟ್‌ಫೋನ್ ಇರುವ ಮೂವರಲ್ಲಿ ಒಬ್ಬರಿಗೆ ದಿನವೂ ಜಾಗದ ಕೊರತೆ, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗೆ ಎಂದು ಮೆಮೊರಿ ತಯಾರಿಸುವ ವೆಸ್ಟರ್ನ್ ಡಿಜಿಟಲ್ ಕಂಪನಿ ಹೇಳಿದ್ದನ್ನು 2018ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಬರೆದಿತ್ತು. ಕಾರಣ ಹುಡುಕಿದ ಗೂಗಲ್‌ನವರಿಗೆ ಕಂಡದ್ದು ನಮ್ಮ ‘ಗುಡ್ ಮಾರ್ನಿಂಗ್’ ಚಿತ್ರಗಳು! ಅದಕ್ಕೆಂದೇ ಅವರು 2017ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ‘ಫೈಲ್ಸ್ ಗೋ’ ಎಂಬ ಆ್ಯಪ್ ಬಿಡುಗಡೆ ಮಾಡಿದರು. ಈಗ ಅದರ ಹೆಸರು ‘ಫೈಲ್ಸ್ ಬೈ ಗೂಗಲ್’. ಹಲವು ಫೋನುಗಳಲ್ಲಿ ಮೊದಲೇ ಇರುತ್ತದೆ, ದುಡ್ಡಿಲ್ಲ. ಒಂದೇ ಚಿತ್ರ ಎರಡು ಮೂರು ಸಲ ಇದ್ದರೆ, ದೊಡ್ಡ ವಿಡಿಯೋಗಳಿದ್ದರೆ ಗುಂಪು ಮಾಡಿ ತೋರಿಸುತ್ತದೆ. ಅಳಿಸುವುದು ಬಿಡುವುದು ನಮ್ಮ ಕೈಯಲ್ಲಿ.

ಹೊಟ್ಟು ತೂರುವ ಕ್ರಮ

1. ವಾಟ್ಸಾಪ್ ತೆರೆದು ಸೆಟ್ಟಿಂಗ್ಸ್, ಅಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ಒತ್ತಿ. 5 ಎಂಬಿಗಿಂತ ದೊಡ್ಡವು ಒಂದು ಕಡೆ, ಹಲವು ಬಾರಿ ಫಾರ್ವರ್ಡ್ ಆದವು ಇನ್ನೊಂದು ಕಡೆ ಕಾಣುತ್ತವೆ. ಫಾರ್ವರ್ಡ್ ಆದವುಗಳಲ್ಲಿ ನಮ್ಮ ಹೊಲದ್ದು ಇರುವ ಸಂಭವ ಕಡಿಮೆ. ಒಂದು ಸಲ ಕಣ್ಣಾಡಿಸಿ ಎಲ್ಲ ಅಳಿಸಬಹುದು.

2. ಅದರ ಕೆಳಗೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂದು ಸಾಲಾಗಿ ಇರುತ್ತದೆ. ಮೇಲಿನ ಮೂರು ಗುಂಪು ನೋಡಿದರೆ ಸಾಕು. ನನ್ನ ಫೋನಿನಲ್ಲಿ ಜಾಸ್ತಿ ತಿಂದದ್ದು ನೆಂಟರ ಗುಂಪು!

3. ಮತ್ತೆ ತುಂಬದ ಹಾಗೆ ‘ಮೀಡಿಯಾ ಆಟೋ ಡೌನ್‌ಲೋಡ್’ನಲ್ಲಿ ಫೋಟೋ, ವಿಡಿಯೋ ಎಲ್ಲದರ ಟಿಕ್ ತೆಗೆಯಿರಿ. ಆಮೇಲೆ ನಾವು ಒತ್ತಿದ್ದು ಮಾತ್ರ ಇಳಿಯುತ್ತದೆ. ಕೆಲವರು ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ ಸುಮ್ಮನಾಗುತ್ತಾರೆ. ಅದರಿಂದ ಚಿತ್ರಗಳು ಗ್ಯಾಲರಿಯಲ್ಲಿ ಕಾಣುವುದು ನಿಲ್ಲುತ್ತದೆ, ಫೋನಿಗೆ ಇಳಿಯುವುದು ನಿಲ್ಲುವುದಿಲ್ಲ.

4. ನಾವು ಕಳಿಸಿದ ಫೋಟೋದ ಇನ್ನೊಂದು ಪ್ರತಿಯನ್ನು ವಾಟ್ಸಾಪ್ ತನ್ನ ‘ಸೆಂಟ್’ ಎಂಬ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ. ಮೂಲ ಫೋಟೋ ಕ್ಯಾಮೆರಾ ಫೋಲ್ಡರಿನಲ್ಲಿ ಇದೆ ಅಂತ ನೋಡಿಕೊಂಡು ಇದನ್ನೂ ತೆಗೆಯಬಹುದು.

5. ಕೊನೆಗೆ ಕಸದ ಬುಟ್ಟಿ. ಗ್ಯಾಲರಿಯಲ್ಲಿ ಅಳಿಸಿದ್ದು ಕೂಡಲೇ ಹೋಗುವುದಿಲ್ಲ. ಸಾಮಾನ್ಯವಾಗಿ 30 ದಿನ ‘ಟ್ರ್ಯಾಶ್’ನಲ್ಲಿ ಕೂತಿರುತ್ತದೆ, ಜಾಗವನ್ನೂ ಹಿಡಿದಿರುತ್ತದೆ. ಕೈತಪ್ಪಿ ಅಳಿಸಿದ್ದು ವಾಪಸು ಸಿಗುವುದೂ ಅಲ್ಲಿಂದಲೇ. ಆದ್ದರಿಂದ ಅಳಿಸಿದ ದಿನವೇ ಬುಟ್ಟಿ ಖಾಲಿ ಮಾಡಬೇಡಿ. ಒಂದು ವಾರ ಬಿಟ್ಟು, ಒಮ್ಮೆ ನೋಡಿ ಖಾಲಿ ಮಾಡಿ.

ಇನ್ನೊಂದು ಎಚ್ಚರಿಕೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಆ್ಯಪ್‌ಗೂ ‘ಕ್ಲಿಯರ್ ಕ್ಯಾಶೆ’, ‘ಕ್ಲಿಯರ್ ಡೇಟಾ’ ಅಂತ ಎರಡು ಇರುತ್ತವೆ. ಮೊದಲನೆಯದು ಒತ್ತಿದರೆ ತೊಂದರೆ ಇಲ್ಲ. ಎರಡನೆಯದು ಆ್ಯಪ್‌ನೊಳಗಿನ ಸರಕನ್ನೆಲ್ಲ ಅಳಿಸುತ್ತದೆ. ನೆಟ್‌ವರ್ಕ್ ಇಲ್ಲದ ಹೊಲದಲ್ಲಿ ಸಮೀಕ್ಷೆ ಮಾಡಿ, ಇನ್ನೂ ಅಪ್‌ಲೋಡ್ ಮಾಡದೆ ಇದ್ದಾಗ ‘ಕ್ಲಿಯರ್ ಡೇಟಾ’ ಒತ್ತಿದರೆ ದಿನದ ಕೆಲಸ ನೀರಿಗೆ ಹೋಯಿತು.

ಊಟದ ಕಾಳು

ಇವು ಸ್ವಲ್ಪ ಕಾಲಕ್ಕೆ ಬೇಕಾದವು. ಮಾರುಕಟ್ಟೆ ಧಾರಣೆಯ ಚೀಟಿ, ಗೊಬ್ಬರದ ಬಿಲ್ಲು, ರೋಗ ಬಂದ ಎಲೆಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಿದ ಫೋಟೋ, ಔಷಧಿ ಡಬ್ಬದ ಲೇಬಲ್. ಹಂಗಾಮು ಮುಗಿದ ಮೇಲೆ ಹೆಚ್ಚಿನವು ಬೇಕಾಗುವುದಿಲ್ಲ.

ಇದರಲ್ಲಿ ಒಂದನ್ನು ಮಾತ್ರ ಕಟಾವು ಮುಗಿದು ಲೆಕ್ಕ ಚುಕ್ತಾ ಆಗುವ ತನಕ ಅಳಿಸಬೇಡಿ. ಅದು ಬಿತ್ತನೆ ಬೀಜದ ಚೀಲದ ಮೇಲಿನ ಲಾಟ್ ನಂಬರ್ ಮತ್ತು ಬಿಲ್ಲಿನ ಫೋಟೋ. ಬೀಜ ಮೊಳೆಯದಿದ್ದರೆ, ಕಾಯಿ ಕಟ್ಟದಿದ್ದರೆ ದೂರು ಕೊಡಲು ಮೊದಲು ಕೇಳುವುದು ಅದನ್ನೇ. ಖಾಲಿ ಚೀಲ ಅಷ್ಟು ಹೊತ್ತಿಗೆ ತಿಪ್ಪೆಯಲ್ಲಿರುತ್ತದೆ.

ಪಹಣಿಯ ಫೋಟೋ ಹತ್ತು ಇಟ್ಟುಕೊಂಡವರಿದ್ದಾರೆ. ಅದು ಬೇಡ. ಸರ್ಕಾರದ ‘ಭೂಮಿ’ ವ್ಯವಸ್ಥೆಯಲ್ಲಿ ಯಾವಾಗ ಬೇಕಾದರೂ ಹೊಸದು ಸಿಗುತ್ತದೆ, ಹಳೆಯದನ್ನು ಯಾರೂ ಒಪ್ಪುವುದೂ ಇಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಗ್ಯಾಲರಿಯಲ್ಲಿ ಬಿದ್ದಿರುವುದೂ ಒಳ್ಳೆಯದಲ್ಲ. ಫೋನು ರಿಪೇರಿಗೆ ಕೊಟ್ಟಾಗ, ಮಾರಿದಾಗ ಅವು ಯಾರ ಕೈಗೆ ಹೋಗುತ್ತವೋ ಹೇಳಲಾಗದು.

ಬಿತ್ತನೆ ಬೀಜ: ಎರಡು ಮನೆಯಲ್ಲಿಡಿ

ನಷ್ಟದ ಫೋಟೋ, ಬೆಳೆ ಸಮೀಕ್ಷೆಯ ದಿನ ತೆಗೆದ ನಮ್ಮ ಪ್ರತಿ, ಬೋರ್‌ವೆಲ್ ಕೊರೆಸಿದ ದಿನದ್ದು, ಹದ್ದುಬಸ್ತಿನ ಕಲ್ಲು, ಪೈಪ್‌ಲೈನ್ ಮುಚ್ಚುವ ಮೊದಲು ತೆಗೆದದ್ದು ಎಲ್ಲ ಈ ಪಾಲಿಗೆ. ಮನೆಯ ಹಿರಿಯರ ಫೋಟೋ ಕೂಡ. ತೀರಿಕೊಂಡವರ ಫೋಟೋ ಇನ್ನೊಮ್ಮೆ ತೆಗೆಯಲಾಗದು.

ಇವನ್ನು ಫೋನಿನಿಂದ ತೆಗೆಯುವ ಮೊದಲು ಎರಡು ಕಡೆ ಪ್ರತಿ ಆಗಬೇಕು. ಬಿತ್ತನೆ ರಾಗಿಯನ್ನು ನಮ್ಮ ಮನೆಯಲ್ಲಿ ಅಷ್ಟು, ನೆಂಟರ ಮನೆಯಲ್ಲಿ ಇಷ್ಟು ಇಡುತ್ತಿದ್ದುದು ಯಾಕೆ? ಒಂದು ಕಡೆ ಹುಳ ಬಿದ್ದರೆ ಇನ್ನೊಂದು ಕಡೆಯದು ಉಳಿಯಲಿ ಅಂತ. ಇದೂ ಹಾಗೆಯೇ.

ನೇರ ಫೋನಿಗೇ ಸಿಕ್ಕಿಸುವ ಒಟಿಜಿ ಪೆನ್‌ಡ್ರೈವ್ ಸಿಗುತ್ತದೆ. ಒಂದು ಮೂಟೆ ಡಿಎಪಿಯ ಬೆಲೆಗಿಂತ ಕಡಿಮೆಗೆ ಬರುತ್ತದೆ. ನೂರಿನ್ನೂರಕ್ಕೆ ದೊಡ್ಡ ಜಿಬಿ ಅಂತ ರಸ್ತೆ ಬದಿ ಮಾರುವುದನ್ನು ನಂಬಬೇಡಿ. ಬಿಲ್ಲು ಕೊಡುವ ಅಂಗಡಿಯಲ್ಲಿ ಕೊಳ್ಳಿ. ಸಿಕ್ಕಿಸಿದ ಮೇಲೆ ‘ಮೂವ್’ ಒತ್ತದೆ ‘ಕಾಪಿ’ ಒತ್ತಿ. ಪೆನ್‌ಡ್ರೈವಿನಲ್ಲಿ ನಾಲ್ಕಾರು ಫೋಟೋ ತೆರೆದು ನೋಡಿ. ಸರಿ ಇದ್ದರೆ ಆಮೇಲೆ ಫೋನಿನದ್ದನ್ನು ಅಳಿಸಿ.

ನಮ್ಮಲ್ಲಿ ಈಗ ಇಂಥ ಎರಡು ಪೆನ್‌ಡ್ರೈವ್ ಇವೆ. ಒಂದು ಊರಿನ ಬೀರುವಿನಲ್ಲಿ, ಪತ್ರದ ಚೀಲದ ಜೊತೆ. ಇನ್ನೊಂದು ರಾಜಾಜಿನಗರದಲ್ಲಿ. ಅತ್ತಿಗೆ ಅದನ್ನು ಅರಿಶಿನ ಕುಂಕುಮದ ಡಬ್ಬಿಯ ಪಕ್ಕ ಇಟ್ಟಿದ್ದಾರೆ. ವರ್ಷದ ಹೆಸರಿನ ಫೋಲ್ಡರ್, ಅದರೊಳಗೆ ಸರ್ವೆ ನಂಬರಿನ ಫೋಲ್ಡರ್. ಹುಡುಕಲು ಅಷ್ಟು ಸಾಕು. ತೀರಾ ಮುಖ್ಯವಾದ ಐದಾರನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಇಡುವುದೂ ಒಳ್ಳೆಯದೇ. ಕಾಗದಕ್ಕೆ ಪಾಸ್‌ವರ್ಡ್ ಬೇಕಿಲ್ಲ.

ಗೂಗಲ್ ಫೋಟೋಸ್: ಅನುಕೂಲ ಇದೆ, ಹೊಂಡವೂ ಇದೆ

‘ಎಲ್ಲ ಗೂಗಲ್‌ನಲ್ಲಿ ಐತೆ, ಫೋನಲ್ಲಿ ಅಳಿಸಿದ್ರೆ ಏನಾಯ್ತು?’ ಅನ್ನುವವರು ಬಹಳ. ಇಲ್ಲಿ ಮೂರು ವಿಷಯ ತಿಳಿದಿರಲಿ.

ಮೊದಲನೆಯದು: ಬ್ಯಾಕಪ್ ಆನ್ ಇರುವಾಗ ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಒಂದು ಫೋಟೋ ಡಿಲೀಟ್ ಮಾಡಿದರೆ ಅದು ಫೋನಿನಿಂದಲೂ ಹೋಗುತ್ತದೆ, ಗೂಗಲ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆದದ್ದು 60 ದಿನ ಅದರ ಟ್ರ್ಯಾಶ್‌ನಲ್ಲಿ ಇರುತ್ತದೆ, ಆಮೇಲೆ ಇಲ್ಲ. ಫೋನಿನ ಪ್ರತಿ ಮಾತ್ರ ತೆಗೆಯಬೇಕಾದರೆ ಅದರಲ್ಲೇ ಇರುವ ‘ಫ್ರೀ ಅಪ್ ಸ್ಪೇಸ್’ ಒತ್ತಬೇಕು. ಅದು ಬ್ಯಾಕಪ್ ಆದವುಗಳನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಎಷ್ಟೋ ಮನೆಯ ಫೋಟೋಗಳು ಕಳೆದುಹೋಗುವುದು ಇವೆರಡರ ವ್ಯತ್ಯಾಸ ತಿಳಿಯದೆ.

ಎರಡನೆಯದು: ಪುಕ್ಕಟೆ ಜಾಗಕ್ಕೆ ಮಿತಿ ಇದೆ. 2021ರ ಜೂನ್ 1ಕ್ಕೆ ಮೊದಲು ಸ್ವಲ್ಪ ಕುಗ್ಗಿಸಿದ ಗುಣಮಟ್ಟದಲ್ಲಿ ಎಷ್ಟು ಫೋಟೋ ಬೇಕಾದರೂ ಇಡಬಹುದಿತ್ತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲ ಸೇರಿ 15 ಜಿಬಿ. ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ. ಅದು ತುಂಬಿದ ಮೇಲೆ ಹೊಸ ಫೋಟೋ ಹತ್ತುವುದಿಲ್ಲ, ಬ್ಯಾಕಪ್ ನಿಂತಿರುತ್ತದೆ. ತಿಂಗಳಿಗೊಮ್ಮೆ ಆ್ಯಪ್ ತೆರೆದು ‘ಬ್ಯಾಕಪ್ ಕಂಪ್ಲೀಟ್’ ಅಂತ ಇದೆಯೇ ನೋಡಿ.

ಮೂರನೆಯದು ನಮ್ಮವರಿಗೆ ದೊಡ್ಡ ಹೊಂಡ. ಫೋನು ಕೊಳ್ಳುವಾಗ ಅಂಗಡಿಯ ಹುಡುಗ ಹೊಸ ಜಿಮೇಲ್ ಮಾಡಿ ಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ನಮಗೆ ಮೊದಲೇ ಗೊತ್ತಿಲ್ಲ. ಮುಂದಿನ ಫೋನಿಗೆ ಮತ್ತೊಂದು ಜಿಮೇಲ್. ಹಳೆಯ ಫೋಟೋಗಳೆಲ್ಲ ಬೀಗದ ಕೈ ಕಳೆದ ಕಣಜದಲ್ಲಿ. ಎರಡು ವರ್ಷ ಬಳಸದ ಖಾತೆಯನ್ನು ಅದರಲ್ಲಿರುವ ಫೋಟೋ ಸಮೇತ ಅಳಿಸಬಹುದು ಎಂದು ಗೂಗಲ್ ನಿಯಮ ಮಾಡಿದೆ, 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಇವತ್ತೇ ನಿಮ್ಮ ಫೋನಿನ ಜಿಮೇಲ್ ಹೆಸರು, ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ಬರೆದು ಪತ್ರಗಳ ಜೊತೆ ಇಡಿ. ಹೊಸ ಫೋನಿಗೂ ಅದೇ ಜಿಮೇಲ್ ಹಾಕಿಸಿ.

ಕಡಿಮೆ ತೆಗೆಯಿರಿ, ಕೆಲಸಕ್ಕೆ ಬರುವುದನ್ನು ತೆಗೆಯಿರಿ

ಒಂದೇ ಗಿಡದ ಹದಿನೈದು ಫೋಟೋ ಇದ್ದರೆ ಯಾವುದೂ ಸಾಕ್ಷಿಯಾಗದು. ಮೂರು ಸಾಕು.

* ದೂರದಿಂದ ಒಂದು. ಮನೆ, ಬಾವಿ, ಹುಣಸೆಮರ, ಹೀಗೆ ಜಾಗ ಗುರುತು ಹಿಡಿಯುವ ಏನಾದರೂ ಅದರಲ್ಲಿ ಬೀಳಬೇಕು.
* ಆಳೆತ್ತರದಿಂದ ಒಂದು. ಎಷ್ಟು ಭಾಗ ಹಾಳಾಗಿದೆ ತಿಳಿಯಬೇಕು.
* ಹತ್ತಿರದಿಂದ ಒಂದು. ತೆನೆ, ಎಲೆ, ಹೆಜ್ಜೆ ಗುರುತು ಸ್ಪಷ್ಟ ಇರಬೇಕು.

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಲೊಕೇಶನ್’ ಆನ್ ಇರಲಿ. ಹಾಗಿದ್ದರೆ ಯಾವ ಜಾಗ ಎಂಬುದೂ ಫೋಟೋದೊಳಗೆ ಸೇರುತ್ತದೆ. ದಿನ, ಗಂಟೆ ಹೇಗೂ ಸೇರುತ್ತವೆ. ಆದರೆ ಅದೇ ಫೋಟೋವನ್ನು ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೋ ಕುಗ್ಗುತ್ತದೆ, ಈ ಗುರುತುಗಳೂ ಕಳಚಿ ಹೋಗುತ್ತವೆ. ‘ಅಣ್ಣನಿಗೆ ಕಳಿಸಿದ್ದೀನಿ, ಅವರ ಹತ್ರ ಇರುತ್ತೆ’ ಅಂತ ಮೂಲವನ್ನು ಅಳಿಸಿದರೆ ಉಳಿಯುವುದು ಗುರುತಿಲ್ಲದ ಫೋಟೋ. ಕಳಿಸಲೇಬೇಕಾದರೆ ‘ಡಾಕ್ಯುಮೆಂಟ್’ ಮೂಲಕ ಕಳಿಸಿ, ಇದ್ದಂತೆಯೇ ಹೋಗುತ್ತದೆ.

ವರ್ಷಕ್ಕೆ ಎಷ್ಟು ಸಲ ಈ ಕೆಲಸ? ಎರಡು ಸಲ ಸಾಕು. ಮುಂಗಾರಿನ ಸಮೀಕ್ಷೆ ಶುರುವಾಗುವ ಮೊದಲು ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ. ಒಂದೊಂದು ಸಲಕ್ಕೆ ಒಂದು ಗಂಟೆ. ಮೊದಲ ಸಲ ಕೇರಿದಾಗ ನನ್ನ 64 ಜಿಬಿ ಫೋನಿನಲ್ಲಿ 17 ಜಿಬಿ ಖಾಲಿಯಾಯಿತು. ಹೊಲದಲ್ಲಿ ನಾನು ತೆಗೆದ ಒಂದು ಫೋಟೋವನ್ನೂ ಮುಟ್ಟಿರಲಿಲ್ಲ.

ಫೋನಿನಲ್ಲಿ ಯಾವಾಗಲೂ 2 ಜಿಬಿಯಾದರೂ ಖಾಲಿ ಇರಲಿ. ಆನೆಯೂ ಆಲಿಕಲ್ಲೂ ಹೇಳಿ ಕೇಳಿ ಬರುವುದಿಲ್ಲ.